ಸೈಡ್ ಕೊಟ್ಟ ಮೇಲೆ ವೈಟ್ ಹೋಗುವ ದಾರಿ

‘ಗುರಿ ಸರಿಯಾಗೇ ಇತ್ತು ಮಗಾ, ಬಾಲ್ ತಿರುಗಿಬಿಡ್ತು.’ ಬೆಂಗಳೂರಿನ ಯಾವ ಪೂಲ್ ಪಾರ್ಲರ್‌ಗೆ ಹೋದರೂ ಸಂಜೆ ಹೊತ್ತು ಈ ಮಾತು ಕಿವಿಗೆ ಬೀಳುತ್ತದೆ. ಸುಳ್ಳೇನಲ್ಲ. ಆದರೆ ತಿರುಗಿದ್ದು ಎಲ್ಲಿ? ಕ್ಯೂ ಕೋಲಿನ ತುದಿಯ ಟಿಪ್ ತಾಗಿದ ಕ್ಷಣದಲ್ಲೋ, ಬಟ್ಟೆಯ ಮೇಲೆ ಓಡುವಾಗಲೋ, ಇನ್ನೊಂದು ಬಾಲಿಗೆ ಬಡಿದಾಗಲೋ, ಟೇಬಲ್ ಅಂಚಿನ ರಬ್ಬರ್ ಕುಶನ್‌ನಲ್ಲೋ? ನಾಲ್ಕು ಕಡೆಯೂ ಸೈಡ್, ಅಂದರೆ ಬಾಲಿನ ನಡು ಬಿಟ್ಟು ಎಡಕ್ಕೋ ಬಲಕ್ಕೋ ಹೊಡೆದು ಕೊಡುವ ತಿರುಗಾಟ, ಕೆಲಸ ಮಾಡುತ್ತದೆ, ಎಲ್ಲ ಕಡೆ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಟೇಬಲ್ ಖಾಲಿ ಸಿಗುವ ಮಧ್ಯಾಹ್ನಗಳಲ್ಲಿ ಒಂದೊಂದನ್ನೇ ಬಿಡಿಸಿ ನೋಡಿದ ಮೇಲೆಯೇ ನನಗದು ಹಿಡಿತಕ್ಕೆ ಸಿಕ್ಕಿದ್ದು.

ಮೊದಲು ನೋಡಿಕೊಂಡದ್ದು ನನ್ನ ಟಿಪ್ ನಿಜಕ್ಕೂ ಎಲ್ಲಿ ತಾಗುತ್ತಿದೆ ಎಂಬುದನ್ನು. ವೈಟ್ (ಕ್ಯೂನಿಂದ ಹೊಡೆಯುವ ಬಿಳಿ ಬಾಲು) ಬದಲು ಒಂದು ಪಟ್ಟೆ ಬಾಲನ್ನು, ಪಟ್ಟೆ ನೆಟ್ಟಗೆ ನಿಲ್ಲುವಂತೆ ಇಟ್ಟುಕೊಂಡು, ಟಿಪ್‌ಗೆ ಚೆನ್ನಾಗಿ ಚಾಕ್ ಹಚ್ಚಿ ಹೊಡೆಯುತ್ತಿದ್ದೆ. ಬಾಲ್ ನಿಂತ ಮೇಲೆ ಅದರ ಮೇಲೆ ಸಾಸಿವೆಯಷ್ಟು ನೀಲಿ ಗುರುತು ಉಳಿದಿರುತ್ತದೆ. ಪೂಲ್ ಬಾಲಿನ ಅಡ್ಡಳತೆ 57.15 ಮಿ.ಮೀ. ನಡುವಿನಿಂದ ಸುಮಾರು 14 ಮಿ.ಮೀ. ದಾಟಿತೋ, ಟಿಪ್ ಜಾರಿ ಮಿಸ್‌ಕ್ಯೂ ಆಗುತ್ತದೆ. ಸಾಮಾನ್ಯ ಸೆಟ್‌ಗಳಲ್ಲಿ ಪಟ್ಟೆಯ ಅಂಚು ಹೆಚ್ಚುಕಡಿಮೆ ಅಲ್ಲಿಗೇ ಬರುವುದರಿಂದ ಅಳತೆಪಟ್ಟಿ ಬೇಕಿಲ್ಲ. ಇದರಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ: ಬಗ್ಗಿ ನಿಂತಾಗ ಕಣ್ಣು ನೋಡುವುದು ಟಿಪ್ಪಿನ ನಡುಭಾಗವನ್ನು, ಬಾಲಿಗೆ ತಾಗುವುದು ಟಿಪ್ಪಿನ ಒಳಬದಿ. ಹಾಗಾಗಿ ನಾವು ಕೊಟ್ಟೆವು ಅಂದುಕೊಂಡದ್ದಕ್ಕಿಂತ ನೀಲಿ ಗುರುತು ಯಾವಾಗಲೂ ಒಳಗೇ ಇರುತ್ತದೆ.

ಇನ್ನು ದಾರಿಯ ವಿಷಯ. ಎಡ ಸೈಡ್ ಕೊಟ್ಟರೆ ವೈಟ್ ಹೊರಡುವುದೇ ಗುರಿಯ ಗೆರೆಗಿಂತ ಸ್ವಲ್ಪ ಬಲಕ್ಕೆ. ಇದನ್ನು ಸ್ಕ್ವರ್ಟ್ ಅನ್ನುತ್ತಾರೆ. ಟಿಪ್ ಬಾಲಿನ ಎಡಭಾಗವನ್ನು ತಳ್ಳುವಾಗ ತಿರುಗುವ ಬಾಲು ಟಿಪ್ಪನ್ನು ಎಡಕ್ಕೆ ದೂಡುತ್ತದೆ, ಕ್ಯೂವಿನ ಮುಂತುದಿಯ ತೂಕ ಬಾಲನ್ನು ಬಲಕ್ಕೆ ದೂಡುತ್ತದೆ. ಲೋ ಡಿಫ್ಲೆಕ್ಷನ್ ಶಾಫ್ಟ್‌ಗಳಲ್ಲಿ (ಶಾಫ್ಟ್ ಅಂದರೆ ಕ್ಯೂವಿನ ಮುಂಭಾಗ) ಈ ಮುಂತುದಿಯನ್ನು ಹಗುರ ಮಾಡಿರುತ್ತಾರೆ. ಸ್ಕ್ವರ್ಟ್ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. 2 ಡಿಗ್ರಿ ಅಂದರೆ ಕೇಳಲಿಕ್ಕೆ ಏನೂ ಅಲ್ಲ, ಆದರೆ 5 ಅಡಿ ದೂರ ಹೋಗುವಷ್ಟರಲ್ಲಿ ಅದು 2 ಇಂಚು. ಹೆಚ್ಚುಕಡಿಮೆ ಒಂದು ಬಾಲಿನಗಲ!

ಇದನ್ನು ನೋಡಲು ಟೇಬಲ್ಲಿನ ಆ ತುದಿಯಲ್ಲಿ ಒಂದು ಬಾಲಿಟ್ಟು, ಅದರ ಎದೆಗೇ ಗುರಿಯಿಟ್ಟು, ಕ್ಯೂ ಆದಷ್ಟು ಮಟ್ಟಸವಾಗಿ ಹಿಡಿದು ಎಡ ಸೈಡಿನಲ್ಲಿ ಜೋರಾಗಿ ಹೊಡೆದೆ. ವೈಟ್ ಅದರ ಬಲ ಅರ್ಧಕ್ಕೆ ಬಡಿದು ಅದನ್ನು ಎಡಕ್ಕೆ ಓಡಿಸಿತು. ಅದೇ ಗುರಿ, ಅದೇ ಸೈಡ್, ಮೆಲ್ಲಗೆ ಹೊಡೆದಾಗ ಮಾತ್ರ ನೇರಕ್ಕೆ ಹತ್ತಿರ ಬಂತು. ಕ್ಯೂವಿನ ಹಿಂಬದಿ ಎತ್ತಿ ಹೊಡೆದರೆ ಎಡ ಅರ್ಧಕ್ಕೇ ಹೋಯಿತು. ಇದು ಸ್ವರ್ವ್. ಕುಶನ್ ಅಡ್ಡ ಇರುವುದರಿಂದ ಕ್ಯೂ ಎಂದೂ ಪೂರ್ತಿ ಮಟ್ಟಸ ಇರುವುದಿಲ್ಲ. ಹಾಗಾಗಿ ಸೈಡಿನ ತಿರುಗಾಟ ಕೊಂಚ ವಾಲಿರುತ್ತದೆ, ಬಟ್ಟೆಯ ಉಜ್ಜಾಟಕ್ಕೆ ಬಾಲ್ ಎಡಕ್ಕೆ ಬಾಗುತ್ತದೆ. ಜೋರಾದ ಹೊಡೆತದಲ್ಲಿ ಬಾಗಲು ಪುರುಸೊತ್ತಿಲ್ಲ, ಸ್ಕ್ವರ್ಟ್ ಗೆಲ್ಲುತ್ತದೆ. ನಿಧಾನದ, ದೂರದ ಹೊಡೆತದಲ್ಲಿ ಸ್ವರ್ವ್ ಗೆಲ್ಲುತ್ತದೆ. ‘ಎಡ ಸೈಡ್ ಕೊಟ್ಟರೆ ಇಷ್ಟು ಬಿಟ್ಟು ಗುರಿಯಿಡು’ ಎಂಬ ಒಂದೇ ಲೆಕ್ಕ ಎಲ್ಲ ಹೊಡೆತಕ್ಕೂ ಹೊಂದದೆ ಇರುವುದು ಇದಕ್ಕೇ.

ಜೋರಾದ ಹೊಡೆತಗಳಿಗೆ ನಾನು ಬಳಸುವ ಉಪಾಯ ಹಳೆಯದು. ನಡುವಿಗೇ ಗುರಿಯಿಟ್ಟು, ಬ್ರಿಡ್ಜ್ ಕೈ (ಟೇಬಲ್ ಮೇಲೆ ಊರಿ ಕ್ಯೂಗೆ ಆಸರೆ ಕೊಡುವ ಕೈ) ಕದಲಿಸದೆ ಕ್ಯೂವಿನ ಹಿಂಬದಿಯನ್ನು ಬಲಕ್ಕೆ ಸರಿಸುವುದು. ಟಿಪ್ ಎಡಕ್ಕೆ ಬರುತ್ತದೆ, ಕ್ಯೂ ಎಡಕ್ಕೆ ಮುಖ ಮಾಡುತ್ತದೆ, ಸ್ಕ್ವರ್ಟ್ ವೈಟನ್ನು ಬಲಕ್ಕೆ ತಂದು ಸರಿಮಾಡುತ್ತದೆ. ಆದರೆ ಬ್ರಿಡ್ಜ್‌ನಿಂದ ಬಾಲಿಗಿರುವ ಅಂತರ ಆ ಶಾಫ್ಟ್‌ಗೆ ಹೊಂದಬೇಕು. ನನ್ನ ಕ್ಯೂಗೆ ಅದು 11 ಇಂಚಿನ ಆಸುಪಾಸು. ಲೋ ಡಿಫ್ಲೆಕ್ಷನ್ ಆದರೆ ಇನ್ನೂ ಉದ್ದ. ಪಾರ್ಲರ್‌ನ ಗೋಡೆಗೆ ಒರಗಿಸಿಟ್ಟ ಕ್ಯೂಗಳಲ್ಲಿ ದಿನಕ್ಕೊಂದು ಎತ್ತಿಕೊಂಡು ಆಡುವವರಿಗೆ ಈ ಅಂದಾಜು ಕೂರುವುದೇ ಇಲ್ಲ. ಅಗ್ಗದ್ದಾದರೂ ಸರಿ, ಸ್ವಂತ ಕ್ಯೂ ಇರಲಿ ಎಂದು ನಾನು ಹಟ ಹಿಡಿಯುವುದು ಅದಕ್ಕೆ.

ಬಾಲಿಗೆ ಬಾಲು ತಾಗುವಾಗ ಆಗುವುದು ಥ್ರೋ. ವೈಟ್‌ನಿಂದ ಒಂದು ಗೇಣು ದೂರಕ್ಕೆ ಬಾಲಿಟ್ಟು, ನೇರಕ್ಕೆ, ಮೆಲ್ಲಗೆ, ಎಡ ಸೈಡಿನಲ್ಲಿ ತಟ್ಟಿದರೆ ಆ ಬಾಲು ಬಲಕ್ಕೆ ಜಾರುತ್ತದೆ. ಇಷ್ಟು ಹತ್ತಿರದಲ್ಲಿ ಸ್ಕ್ವರ್ಟ್ ಲೆಕ್ಕಕ್ಕಿಲ್ಲ, ಆದ್ದರಿಂದ ಕಾಣುವುದು ಬಹುಪಾಲು ಥ್ರೋ ಮಾತ್ರ. ಹೆಚ್ಚೆಂದರೆ ಅಡಿಗೆ ಒಂದಿಂಚು. ಜೋರಾಗಿ ಹೊಡೆದಷ್ಟೂ ಕಡಿಮೆ. ತೊಳೆಯದೆ ಬಿಟ್ಟ, ಚಾಕ್ ಮೆತ್ತಿದ ಬಾಲುಗಳಲ್ಲಿ ಜಾಸ್ತಿ. ಆಟಕ್ಕೆ ಮುಂಚೆ ಒದ್ದೆ ಬಟ್ಟೆಯಲ್ಲಿ ಬಾಲು ಒರೆಸುವ ನನ್ನನ್ನು ನೋಡಿ ನಗುವವರಿದ್ದಾರೆ, ನಗಲಿ. ಸೈಡ್ ಇಲ್ಲದ ಕಟ್ ಶಾಟ್‌ನಲ್ಲೂ (ಬಾಲಿನ ಬದಿಗೆ ತಾಗಿಸಿ ಓರೆಗೆ ಕಳಿಸುವ ಹೊಡೆತ) ಉಜ್ಜಾಟದಿಂದ ಬಾಲು ಸ್ವಲ್ಪ ದಪ್ಪಕ್ಕೆ, ಅಂದರೆ ವೈಟ್ ಹೋಗುತ್ತಿದ್ದ ದಿಕ್ಕಿನತ್ತ, ಎಳೆದುಕೊಳ್ಳುತ್ತದೆ. ಬಲಕ್ಕೆ ಕಟ್ ಮಾಡುವಾಗ ತುಸು ಎಡ ಸೈಡ್ ಕೊಟ್ಟರೆ ಆ ಎಳೆತ ಸರಿಹೋಗುತ್ತದೆ.

ನಾನು ಆಡುವ ಕಡೆಯ ಹಳೆಯ ಮಾರ್ಕರ್ (ಟೇಬಲ್ ನೋಡಿಕೊಂಡು ಸ್ಕೋರ್ ಬರೆಯುವವರು) ಒಬ್ಬರು ಇದನ್ನೆಲ್ಲ ನೋಡಿ, ‘ಸಾರ್, ಸೈಡ್ ಇರೋದು ಪಾಟ್‌ಗಲ್ಲ, ಕುಶನ್‌ಗೆ’ ಅಂದಿದ್ದರು. ಪಾಟ್ ಅಂದರೆ ಬಾಲನ್ನು ಪಾಕೆಟ್‌ಗೆ ಹಾಕುವುದು. ಒಪ್ಪುತ್ತೇನೆ. ಸ್ಕ್ರೂ (ಹಿಂದಕ್ಕೆ ಎಳೆಯುವ ತಿರುಗಾಟ) ಆಗಲಿ ಫಾಲೋ (ಮುಂದಕ್ಕೆ ಒಯ್ಯುವ ತಿರುಗಾಟ) ಆಗಲಿ ಬಟ್ಟೆಯ ಮೇಲೆ ಬೇಗ ಸವೆದು ಸಾದಾ ಉರುಳಾಟಕ್ಕೆ ಬಂದುಬಿಡುತ್ತದೆ. ಸೈಡ್ ಮಾತ್ರ ಬುಗುರಿಯಂತೆ ನಿಂತಲ್ಲೇ ಸುತ್ತುವುದರಿಂದ ಬಹಳ ದೂರ ಉಳಿದು ಕುಶನ್ ಮುಟ್ಟಿದಾಗ ಹಿಡಿಯುತ್ತದೆ. ಕುಶನ್‌ಗೆ ನೇರ ಹೋದ ವೈಟ್ ಎಡ ಸೈಡಿದ್ದರೆ ಎಡಕ್ಕೆ ಚಿಮ್ಮುತ್ತದೆ. ಓರೆಯಾಗಿ ಎಡಕ್ಕೆ ಹೋಗುತ್ತಿದ್ದರೆ ಕೋನ ಹಿಗ್ಗಿ ವೇಗವೂ ಉಳಿಯುತ್ತದೆ, ಇದು ರನ್ನಿಂಗ್ ಸೈಡ್. ಬಲಕ್ಕೆ ಹೋಗುತ್ತಿದ್ದರೆ ಕೋನ ಕುಗ್ಗಿ ಸತ್ತಂತೆ ನಿಲ್ಲುತ್ತದೆ, ಇದು ಚೆಕ್ ಸೈಡ್.

ಸ್ನೂಕರ್ ಟೇಬಲ್‌ನಲ್ಲಿ ಇನ್ನೊಂದು ತರಲೆ ಇದೆ. ಅದರ ಬಟ್ಟೆಗೆ ಬಾಕ್ ತುದಿಯಿಂದ (ಆಟ ಶುರು ಮಾಡುವ ತುದಿ) ಬ್ಲ್ಯಾಕ್ ಕಡೆಗೆ (ಕಪ್ಪು ಬಾಲಿರುವ ಎದುರು ತುದಿ) ಮಲಗಿದ ನವಿರಾದ ಜುಂಗು ಇರುತ್ತದೆ. ಅದರ ಜೊತೆಗೆ ಸಾಗುವ ನಿಧಾನದ ವೈಟ್ ಬಲ ಸೈಡಿದ್ದರೆ ಬಲಕ್ಕೇ ವಾಲುತ್ತದೆ. ಎದುರಾಗಿ ಬಾಕ್ ಕಡೆಗೆ ಬರುವಾಗ ಅದೇ ಬಲ ಸೈಡ್ ಎಡಕ್ಕೆ ಎಳೆಯುತ್ತದೆ. ಪೂಲ್ ಬಟ್ಟೆಯಲ್ಲಿ ಜುಂಗಿಲ್ಲದ್ದರಿಂದ ಈ ಕಾಟವಿಲ್ಲ. ಬಾಕ್ ಕಡೆಗೆ ಮೆಲ್ಲಗೆ ಉರುಳಿಸುವ ಹೊಡೆತದಲ್ಲಿ ನಾನು ಸೈಡ್ ಮುಟ್ಟುವುದೇ ಇಲ್ಲ. ತೀರಾ ಬೇಕೆಂದರೆ ವೇಗ ಏರಿಸಿ, ಒಂದು ಕುಶನ್ ಜಾಸ್ತಿ ಬಳಸುತ್ತೇನೆ.