ಹಳೇ ಡೆಸ್ಕ್‌ಟಾಪ್ ಕೊಡೋ ಮುಂಚೆ ಅದರ ಡಿಸ್ಕ್ ನೋಡಿ: ನನ್ನ ಅನುಭವ

ತಿಪಟೂರಿನಲ್ಲಿ ನಮ್ಮದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಮದುವೆ ಕರೆಯೋಲೆ, ಕೊಬ್ಬರಿ ಮಂಡಿಯವರ ಬಿಲ್ ಪುಸ್ತಕ, ಅರ್ಜಿ ಟೈಪಿಂಗ್ ಎಲ್ಲಾ ಒಂದೇ ಡೆಸ್ಕ್‌ಟಾಪ್‌ನಲ್ಲಿ ನಡೆಯುತ್ತದೆ. 2015ರಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಆನ್ ಮಾಡಿ, ಅಂಗಡಿ ಗುಡಿಸಿ, ಊದುಬತ್ತಿ ಹಚ್ಚಿ ಬಂದರೂ ಮೌಸ್ ಪಕ್ಕದ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ: ಕೊಟ್ಟು ಹೊಸದು ತಗೊಳ್ಳಿ.

ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾಲ್ಕು ಕೋರ್ ಇರುವ ಪ್ರೊಸೆಸರ್ ಒಂದು ಕರೆಯೋಲೆ ಟೈಪ್ ಮಾಡೋಕೆ ಸಾಕಾಗಲ್ಲ ಅಂದ್ರೆ ಹೇಗೆ? ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಿದೆ, ಅದು ಎಲ್ಲಿ ಅಂತ ಮೊದಲು ತಿಳಿಯಬೇಕು ಅನ್ನಿಸಿತು.

ತಿಳಿಯೋದು ಕಷ್ಟ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಟ್ಯಾಬ್. ಕಂಪ್ಯೂಟರ್ ತಿಣುಕಾಡುತ್ತಿರುವ ಹೊತ್ತಿನಲ್ಲೇ ಅದನ್ನು ನೋಡಬೇಕು. ನಮ್ಮದರಲ್ಲಿ ಸಿಪಿಯು 20 ಪರ್ಸೆಂಟ್ ಕೂಡ ದಾಟಿರಲಿಲ್ಲ. ಮೆಮೊರಿ 90ರ ಮೇಲೆ. ಡಿಸ್ಕ್ ಮಾತ್ರ 100ಕ್ಕೆ ಹೋಗಿ ಅಲ್ಲೇ ಕೂತಿತ್ತು. ರ‍್ಯಾಮ್ ತುಂಬಿದಾಗ ವಿಂಡೋಸ್ ಒಂದಷ್ಟು ಡೇಟಾವನ್ನು ಡಿಸ್ಕಿನ ಪೇಜ್‌ಫೈಲಿಗೆ ತಳ್ಳುತ್ತದೆ, ಬೇಕಾದಾಗ ಮತ್ತೆ ಎಳೆದುಕೊಳ್ಳುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಸುತ್ತುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡುವ ಹೆಡ್. ಒಂದೊಂದು ಚೂರು ಫೈಲ್ ಹುಡುಕಲು ಹೆಡ್ ಜಾಗ ಬದಲಿಸಬೇಕು. ಅಂದರೆ ಪ್ರೊಸೆಸರ್ ಕೆಲಸವಿಲ್ಲದೆ ಡಿಸ್ಕ್‌ಗೆ ಕಾಯುತ್ತಾ ಕೂತಿದೆ. ಇದು ಗೊತ್ತಾದ ಮೇಲೆ ಏನು ಕೊಳ್ಳಬೇಕು, ಏನು ಬೇಡ ಅನ್ನೋದು ತಾನೇ ಸ್ಪಷ್ಟವಾಯಿತು: ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ (ಸುತ್ತುವ ತಟ್ಟೆ ಇಲ್ಲದೆ ಚಿಪ್ಪುಗಳಲ್ಲಿ ಡೇಟಾ ಇಡುವ ಡಿಸ್ಕ್), ಜೊತೆಗೆ ಇನ್ನಷ್ಟು ರ‍್ಯಾಮ್.

ಏನನ್ನಾದರೂ ಬಿಚ್ಚೋ ಮೊದಲು ಬ್ಯಾಕಪ್. ಎಲ್ಲಾ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಒಂದೆರಡನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶ ಹಳೇ ಡಿಸ್ಕಿನ ಆರೋಗ್ಯ ಹೇಳುತ್ತದೆ. ಅದರಲ್ಲಿ ಹಳದಿ ಬಣ್ಣದಲ್ಲಿ 'ಕಾಷನ್' ಅಂತ ಬಂದರೆ ಅದೇ ದಿನ ಬ್ಯಾಕಪ್ ತಗೊಳ್ಳಿ, ನಾಳೆ ಅನ್ನಬೇಡಿ.

ಆಮೇಲೆ ಧೂಳು. ಪವರ್ ಕೇಬಲ್ ಕಿತ್ತು, ಆನ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಉಳಿದ ಕರೆಂಟ್ ಹೋಗಲಿ ಅಂತ ಬಿಟ್ಟು ಕ್ಯಾಬಿನೆಟ್ ತೆಗೆದೆ. ಒಳಗೆ ಕೈ ಹಾಕುವ ಮುಂಚೆ ಅದರ ಲೋಹದ ಮೈ ಮುಟ್ಟಬೇಕು, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲು. ಪ್ರೊಸೆಸರ್ ಫ್ಯಾನಿನ ಕೆಳಗೆ, ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು, ಗಾಳಿಗೆ ಹೋಗೋಕೆ ದಾರಿಯೇ ಇರಲಿಲ್ಲ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಮಿತಿಮೀರಿ ಸುತ್ತಿ ಬೇರಿಂಗ್ ಹಾಳಾಗುತ್ತದೆ. ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳ ತಲೆಯ ಮೇಲೆ ಬಾಣದ ಗುರುತಿದೆ. ಅದು ತೋರಿಸುವ ಕಡೆ ತಿರುಗಿಸಿ ಮೇಲಕ್ಕೆಳೆದರೆ ಬಿಟ್ಟುಕೊಳ್ಳುತ್ತದೆ. ಅಡಿಯಲ್ಲಿದ್ದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಒಣಗಿ ಪುಡಿಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಹೊಸ ಪೇಸ್ಟನ್ನು ನಡುವೆ ಒಂದು ಬೊಟ್ಟು ಇಟ್ಟೆ. ಮತ್ತೆ ಕೂರಿಸುವಾಗ ಪಿನ್ನುಗಳನ್ನು ಎದುರುಬದುರು ಮೂಲೆಯಂತೆ ಒತ್ತಬೇಕು. ನಾಲ್ಕೂ 'ಟಕ್' ಅನ್ನಲೇಬೇಕು.

ಬಿಡಿಭಾಗ ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಲ್ಲಿಗೆ ಹೋಗುವವರು ಮದರ್‌ಬೋರ್ಡಿನ ಮಾಡೆಲ್ ನಂಬರ್ ಫೋಟೊ ತೆಗೆದುಕೊಂಡು ಹೋಗಿ. ಹೊಸದೆಂದರೆ ಎನ್‌ವಿಎಂಇ ಎಸ್‌ಎಸ್‌ಡಿ (ನೇರ ಮದರ್‌ಬೋರ್ಡಿನ ಮೇಲೆ ಕೂರುವ ಬಗೆ) ತೋರಿಸುತ್ತಾರೆ. ವೇಗ ಜಾಸ್ತಿ ನಿಜ, ಆದರೆ ನಮ್ಮಂಥ ಎಚ್81 ಬೋರ್ಡಿನಲ್ಲಿ ಅದಕ್ಕೆ ಬೇಕಾದ ಎಂ.2 ಸ್ಲಾಟೇ ಸಾಮಾನ್ಯವಾಗಿ ಇರಲ್ಲ. ಅಡಾಪ್ಟರ್ ಹಾಕಿದರೂ ಆ ಕಾಲದ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಅದರಿಂದ ಬೂಟ್ ಆಗೋದು ಅನುಮಾನ. ನಮಗೆ ಬೇಕಿರೋದು ಹಾರ್ಡ್ ಡಿಸ್ಕಿನ ಹಾಗೇ ಕೇಬಲ್‌ನಲ್ಲಿ ಜೋಡಿಸುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. 480 ಜಿಬಿಯದು ತಗೊಂಡೆ. ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟುಗಳಿದ್ದರೂ ಎರಡು ಮಾತ್ರ 6 ಜಿಬಿಪಿಎಸ್, ಉಳಿದೆರಡು 3 ಜಿಬಿಪಿಎಸ್. ಬೋರ್ಡಿನ ಮೇಲೆ ಪೋರ್ಟಿನ ಪಕ್ಕದಲ್ಲೇ ಬರೆದಿರುತ್ತದೆ, ಓದಿ ವೇಗದ್ದಕ್ಕೇ ಚುಚ್ಚಿ. ತಪ್ಪಿ ಇನ್ನೊಂದಕ್ಕೆ ಹಾಕಿದರೆ ಅರ್ಧ ವೇಗ ಅಲ್ಲೇ ಹೋಯಿತು. ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ (ಎಸ್‌ಎಸ್‌ಡಿಗೆ ಹೊಂದುವ ಸೆಟ್ಟಿಂಗ್) ಇದೆಯಾ ಅಂತಲೂ ನೋಡಿಕೊಂಡೆ.

ರ‍್ಯಾಮ್ ವಿಷಯದಲ್ಲಿ ಜಾಗ್ರತೆ ಜಾಸ್ತಿ ಬೇಕು. ಅಂಗಡಿಯವರನ್ನು ಕೇಳಿದ್ದಕ್ಕೆ, "ಅಣ್ಣಾ, 8 ಜಿಬಿ ಡಿಡಿಆರ್3 ತುಂಬಾ ಕಮ್ಮಿ ರೇಟಿಗೆ ಇದೆ, ಆದರೆ ನಿಮ್ಮದು ಇಂಟೆಲ್ಲಾ, ಎಎಂಡಿನಾ?" ಅಂದರು. ಆ ಪ್ರಶ್ನೆ ಕೇಳುವ ಅಂಗಡಿಯಲ್ಲೇ ಕೊಳ್ಳಬೇಕು. ಎಎಂಡಿ (ಇಂಟೆಲ್‌ನಂತೆ ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ) ಬೋರ್ಡಿನಲ್ಲಿ ಮಾತ್ರ ಕೆಲಸ ಮಾಡುವ ಡಿಡಿಆರ್3 ಮಾಡ್ಯೂಲುಗಳು ಮಾರುಕಟ್ಟೆಯಲ್ಲಿ ಇವೆ. ನೋಡಲು ಒಂದೇ ಥರ, ಇಂಟೆಲ್ ಬೋರ್ಡಿಗೆ ಹಾಕಿದರೆ ಸ್ಕ್ರೀನೇ ಬರಲ್ಲ. ನಾನು ಕಂಪನಿ ಮಷೀನುಗಳಿಂದ ಬಿಚ್ಚಿದ ಹಳೇ ಬ್ರ್ಯಾಂಡೆಡ್ 8 ಜಿಬಿ ಜೋಡಿ ತಗೊಂಡೆ. ಎಚ್81ಕ್ಕೆ ಎರಡೇ ಸ್ಲಾಟ್, 16 ಜಿಬಿಯೇ ಮಿತಿ. ಒಂದೇ ಥರದ ಎರಡು ಹಾಕಿದರೆ ಡ್ಯುಯಲ್ ಚಾನೆಲ್ (ಎರಡರಿಂದಲೂ ಒಟ್ಟಿಗೆ ಡೇಟಾ ಓಡುವ ವ್ಯವಸ್ಥೆ) ಸಿಗುತ್ತದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಅದರಿಂದ ಉಪಯೋಗ ಇದೆ. ಸೆಕೆಂಡ್ ಹ್ಯಾಂಡ್ ಆದ್ದರಿಂದ ರಾತ್ರಿಯಿಡೀ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷೆಯ ತಂತ್ರಾಂಶ ಓಡಿಸಿದೆ. ಒಂದೂ ಎರರ್ ಬರಲಿಲ್ಲ. ಒಂದೇ ಒಂದು ಬಂದರೂ ವಾಪಸ್ ಕೊಡಬೇಕು, ಯಾಕಂದ್ರೆ ಕೆಟ್ಟ ರ‍್ಯಾಮ್ ಸುಮ್ನೆ ಫೈಲುಗಳನ್ನು ಕೆಡಿಸುತ್ತಾ ಹೋಗುತ್ತದೆ.

ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೂಡ ಬದಲಿಸಿದೆ. ಮೂಲದ್ದರ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಕೆಪ್ಯಾಸಿಟರುಗಳ ತಲೆ ಉಬ್ಬಿದ್ದವು. ಅದನ್ನು ಮಾತ್ರ ಬಿಚ್ಚಿ ರಿಪೇರಿ ಮಾಡೋಕೆ ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯದ ವೋಲ್ಟೇಜ್ ಉಳಿದಿರುತ್ತದೆ. 80 ಪ್ಲಸ್ ಗುರುತಿರುವ (ಕರೆಂಟ್ ಕಮ್ಮಿ ವ್ಯರ್ಥ ಮಾಡುವ) ಹೊಸದನ್ನು ಹಾಕಿ. ನಮ್ಮೂರಿನಂಥ ಕಡೆ ಕರೆಂಟ್ ಹೋಗಿ ಬರುವ ಆಟದಲ್ಲಿ ಹಾಳಾದ ಎಸ್‌ಎಂಪಿಎಸ್ ಮದರ್‌ಬೋರ್ಡನ್ನೂ ಎಳೆದುಕೊಂಡು ಹೋಗಬಹುದು.

ಬೋರ್ಡಿನ ಸೆಲ್ಲು, ಸಿಆರ್2032, ಅದನ್ನೂ ಬದಲಿಸಿದೆ. ಅದು ಸತ್ತರೆ ಪ್ರತಿ ಸಲ ತಾರೀಖು ಹಳೇ ವರ್ಷಕ್ಕೆ ಹೋಗುತ್ತದೆ, ಬ್ರೌಸರಿನಲ್ಲಿ ಸೈಟುಗಳೇ ತೆರೆಯಲ್ಲ. ವೈರಸ್ ಬಂದಿದೆ ಅಂತ ಹೆದರಿ ಫಾರ್ಮ್ಯಾಟ್ ಮಾಡಿಸಿದವರನ್ನು ನೋಡಿದ್ದೇನೆ. ವಾಚಿನಂಗಡಿಯಲ್ಲಿ ಸಿಗುವ ಸೆಲ್ಲು ಅದು.

ಇಷ್ಟಕ್ಕೇ ನಿಲ್ಲಿಸಿದೆ. ಇದೇ ಸಾಕೆಟ್ಟಿಗೆ ಐ7-4790 ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತದೆ, ಹಾಕಿಸಿ ಅಂದವರಿದ್ದರು. ಸಿಪಿಯು 20 ಪರ್ಸೆಂಟ್ ಓಡುತ್ತಿರುವಾಗ ಅದಕ್ಕೆ ದುಡ್ಡು ಯಾಕೆ? ವಿಡಿಯೊ ಎಡಿಟಿಂಗ್ ಮಾಡುವವರ ಲೆಕ್ಕ ಬೇರೆ.

ಇನ್ನು ವಿಂಡೋಸ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ನಮ್ಮದು 4ನೇದು. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ಜನರ ಆಧಾರ್, ಪಾಸ್‌ಬುಕ್ ಬರುವ ಕಂಪ್ಯೂಟರಿನಲ್ಲಿ ಅದು ನನಗೆ ಸರಿ ಕಾಣಲಿಲ್ಲ. ಎಸ್‌ಎಸ್‌ಡಿಯನ್ನು ಎರಡು ಪಾಲು ಮಾಡಿ, ಮೊದಲು ವಿಂಡೋಸ್ 10, ಆಮೇಲೆ ಲಿನಕ್ಸ್ ಮಿಂಟ್ 22 (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿದೆ. ಮಿಂಟ್‌ಗೆ 2029ರವರೆಗೆ ಅಪ್‌ಡೇಟ್ ಇದೆ. ಡಿಸ್ಕ್ ಹೊಸದಾದರೂ ವಿಂಡೋಸ್ ಲೈಸೆನ್ಸ್ ತಾನಾಗಿ ಆಕ್ಟಿವೇಟ್ ಆಯಿತು, ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಅದಾದ ಮೇಲೆ ವಿಂಡೋಸ್‌ನಲ್ಲಿ ನೆಟ್‌ವರ್ಕ್ ಬಂದ್ ಮಾಡಿದೆ. ಹಳೇ ಪೇಜ್‌ಮೇಕರ್ ಕರೆಯೋಲೆಗಳಿಗೆ ಮಾತ್ರ ಅದು. ಉಳಿದ ಕೆಲಸವೆಲ್ಲ ಮಿಂಟ್‌ನಲ್ಲಿ. ಕನ್ನಡ ಟೈಪಿಂಗ್ ಬಗ್ಗೆ ನನಗೆ ಚಿಂತೆ ಇತ್ತು. ಮಿಂಟ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಅನ್ನೋ ತಂತ್ರಾಂಶಕ್ಕೆ ಎಂ17ಎನ್ ಪ್ಯಾಕೇಜ್ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿಕೊಂಡರೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳು ಹಾಗೇ ಓಡುತ್ತವೆ.

ಈಗ ಆನ್ ಮಾಡಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಮಷೀನ್ ಸಿದ್ಧ. ಹೊಸ ಕಂಪ್ಯೂಟರಿನ ಬೆಲೆಯ ಒಂದು ಪಾಲಿನಲ್ಲಿ ಕೆಲಸ ಮುಗಿಯಿತು. ಆದರೆ ಎಲ್ಲಾ ಹಳೇ ಮಷೀನಿಗೂ ಇದೇ ಮಾಡಿ ಅಂತ ನಾನು ಹೇಳಲ್ಲ. ಕೋರ್ 2 ಡುಯೊ, ಡಿಡಿಆರ್2 ಕಾಲದ್ದಾದರೆ ರ‍್ಯಾಮಿಗೆ ದುಡ್ಡು ಹಾಕಬೇಡಿ, ಆ ರ‍್ಯಾಮ್ ಮುಂದೆ ಬೇರೆ ಯಾವುದಕ್ಕೂ ಬರಲ್ಲ. ಎಸ್‌ಎಸ್‌ಡಿ ಒಂದನ್ನು ಹಾಕಿ ನೋಡಿ. ಸಾಲದು ಅನ್ನಿಸಿದರೆ ಅದನ್ನೇ ಬಿಚ್ಚಿ, ಸಾಟಾ ಪೋರ್ಟ್ ಇರುವ ಮುಂದಿನ ಮಷೀನಿಗೆ ಹಾಕಿಕೊಳ್ಳಬಹುದು.