ಮನೆಯವರೊಬ್ಬರು ಕ್ರಿಕೆಟ್ ಬೆಟ್ಟಿಂಗಿಗೆ ಸಿಕ್ಕಿಕೊಂಡಾಗ ಮಾಡಬೇಕಾದದ್ದು

ಸಂಬಂಧಿಕರ ಮನೆಯೊಂದರಲ್ಲಿ ಅವರ ಮಗನ ಫೋನನ್ನು ಮುಂದಿಟ್ಟುಕೊಂಡು, ಯುಪಿಐ ವಹಿವಾಟುಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿದ ಒಂದು ಭಾನುವಾರ ಈ ಬರಹಕ್ಕೆ ಕಾರಣ. ಬ್ಯಾಂಕಿನ ಕೌಂಟರಿನಲ್ಲಿ ಬಹುಕಾಲ ಕೂತ ಅಭ್ಯಾಸದಿಂದ ನನ್ನ ಕಣ್ಣು ಮೊದಲು ಹೋದದ್ದು ಮೊತ್ತದ ಮೇಲಲ್ಲ, ವೇಳೆಯ ಮೇಲೆ. ಸಂಜೆ 7.41ಕ್ಕೆ 500 ರೂಪಾಯಿ, 7.58ಕ್ಕೆ ಮತ್ತೆ 500, 8.20ಕ್ಕೆ 1,000, 9.47ಕ್ಕೆ 3,000, ರಾತ್ರಿ 10.56ಕ್ಕೆ 8,000. ಹಣ ಹೋದದ್ದು ಒಂದು ದಿನ ಯಾವುದೋ ಟ್ರೇಡರ್ಸ್‌ಗೆ, ಮರುದಿನ ಇನ್ನಾವುದೋ ಎಂಟರ್‌ಪ್ರೈಸಸ್‌ಗೆ, ಆಮೇಲೆ ಒಂದು ಚಪ್ಪಲಿ ಅಂಗಡಿಗೆ. ರಾತ್ರಿ ಹನ್ನೊಂದು ಗಂಟೆಗೆ ಚಪ್ಪಲಿ ಅಂಗಡಿಗೆ ಎಂಟು ಸಾವಿರ ಕಟ್ಟುವವರು ಯಾರೂ ಇಲ್ಲ. ಐಪಿಎಲ್ ಪಂದ್ಯ ಶುರುವಾಗುವುದು ಏಳೂವರೆಗೆ ಎಂಬುದು ನೆನಪಾದ ಮೇಲೆ ಉಳಿದದ್ದೆಲ್ಲ ತಾನಾಗಿ ಅರ್ಥವಾಯಿತು. ಅಷ್ಟು ದಿನವೂ ಅವನ ತಾಯಿ, ಹುಡುಗ ಕುಡಿಯಲು ಕಲಿತಿರಬಹುದೆಂದು ಅವನು ಮನೆಗೆ ಬಂದಾಗಲೆಲ್ಲ ಹತ್ತಿರ ಹೋಗಿ ವಾಸನೆ ನೋಡುತ್ತಿದ್ದರು.

ಈ ಚಟಕ್ಕೆ ವಾಸನೆಯಿಲ್ಲದಿರುವುದರಿಂದಲೇ ಗುರುತು ಹಿಡಿಯುವುದು ತಡವಾಗುತ್ತದೆ. ಪಂದ್ಯ ನಡೆಯುವಾಗ ಟಿವಿಗಿಂತ ಹೆಚ್ಚಾಗಿ ಫೋನ್ ನೋಡುವುದು, ಯಾರು ಗೆದ್ದರೆಂಬುದಕ್ಕಿಂತ ಆರು ಓವರಿಗೆ ಎಷ್ಟು ರನ್ ಎಂಬುದಕ್ಕೆ ಚಡಪಡಿಸುವುದು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ದೇಶದ ಲೀಗ್ ಪಂದ್ಯಕ್ಕೆ ನಡುರಾತ್ರಿ ಎಚ್ಚರವಿರುವುದು, ಸಂಬಳ ಬಂದ ವಾರದಲ್ಲೇ ಕೈಸಾಲ ಕೇಳುವುದು, ಒಡವೆ ಗಿರವಿ ಅಂಗಡಿಗೆ ಹೋಗಿರುವುದು ಇವೆಲ್ಲ ಲಕ್ಷಣಗಳು. ಸಂಶಯವಿದ್ದಾಗ ಎರಡೇ ಪ್ರಶ್ನೆ ಕೇಳುವ ಒಂದು ಪದ್ಧತಿಯನ್ನು ಮನೋವೈದ್ಯರು ಬಹಳ ಹಿಂದಿನಿಂದ ಬಳಸುತ್ತಾರೆ: ಹೆಚ್ಚು ಹೆಚ್ಚು ದುಡ್ಡು ಕಟ್ಟಬೇಕು ಎಂದು ನಿನಗೆ ಯಾವಾಗಲಾದರೂ ಅನ್ನಿಸಿದೆಯೇ, ಎಷ್ಟು ಆಡಿದ್ದೀಯ ಎಂಬ ವಿಷಯದಲ್ಲಿ ನಿನ್ನ ಹತ್ತಿರದವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯೇ. ಎರಡರಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ವೈದ್ಯರ ಬಳಿ ಹೋಗಲು ಅದು ಸಾಕು. ಜೂಜಿನ ಚಟವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಪಕ್ಕಕ್ಕೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿಯೂ ಅದಕ್ಕೆ ಜಾಗವಿದೆ. ಅಂದರೆ ಇದು ಕೇವಲ ದುರ್ಬುದ್ಧಿಯಲ್ಲ. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ: ಪಾರ್ಕಿನ್ಸನ್ ಕಾಯಿಲೆಗೆ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾದರಿಯ ಔಷಧ ತೆಗೆದುಕೊಳ್ಳುವ ಹಿರಿಯರು ಇದ್ದಕ್ಕಿದ್ದಂತೆ ಜೂಜಿಗೆ ಇಳಿದರೆ, ಅವರನ್ನು ಬೈಯುವ ಮೊದಲು ಔಷಧ ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಅದು ಆ ಮಾತ್ರೆಗಳ ಅಡ್ಡಪರಿಣಾಮವಾಗಿರುವ ಸಾಧ್ಯತೆಯಿದೆ.

ಹಿಂದಿನ ಓಸಿ (ಮಟ್ಕಾ) ಎಂಬ ನಂಬರ್ ಜೂಜಿನಲ್ಲಿ ಓಪನ್ ನಂಬರಿನಿಂದ ಕ್ಲೋಸ್ ನಂಬರಿನವರೆಗೆ ಗಂಟೆಗಟ್ಟಲೆ ಕಾಯಬೇಕಿತ್ತು, ಆ ನಡುವೆ ಮನುಷ್ಯನಿಗೆ ಸ್ವಲ್ಪವಾದರೂ ಬುದ್ಧಿ ಬರುವ ಅವಕಾಶವಿತ್ತು. ಒಂದು ಟಿ20 ಪಂದ್ಯದಲ್ಲಿ 240 ಎಸೆತಗಳಿವೆ, ಫೋನಿನಲ್ಲಿ ಪ್ರತಿ ಎಸೆತದ ಮೇಲೂ ಬಾಜಿ ಕಟ್ಟಬಹುದು, ಐಪಿಎಲ್‌ನ ಒಂದು ಋತುವಿನಲ್ಲಿ 74 ಪಂದ್ಯಗಳಿವೆ. ಇಷ್ಟು ಬೇಗ ಬೇಗ, ಯಾವಾಗ ಸಿಗುತ್ತದೆಂದು ಹೇಳಲಾಗದ ರೀತಿಯಲ್ಲಿ ಸಿಗುವ ಗೆಲುವು ಮಿದುಳಿಗೆ ಬಿಡಿಸಲು ಕಷ್ಟವಾದ ರೂಢಿಯನ್ನು ಹಚ್ಚುತ್ತದೆ. ಹೀಗಾಗಿ ಬುದ್ಧಿವಾದದಿಂದ ಶುರುಮಾಡುವುದು ವ್ಯರ್ಥ. ಮೊದಲು ಮುಚ್ಚಬೇಕಾದದ್ದು ದುಡ್ಡು ಹೋಗುವ ದಾರಿ, ಬುದ್ಧಿವಾದವೇನಿದ್ದರೂ ಆಮೇಲೆ.

ಮಾತನಾಡಲು ಬೆಳಗಿನ ಹೊತ್ತನ್ನು ಆರಿಸಿಕೊಳ್ಳಬೇಕು. ಪಂದ್ಯ ನಡೆಯುವಾಗಲಾಗಲಿ, ಸೋತ ರಾತ್ರಿಯಾಗಲಿ ಕೇಳಿದರೆ ಸಿಗುವುದು ಸಿಟ್ಟು ಅಥವಾ ಸುಳ್ಳು. "ಎಷ್ಟು ಹಾಳು ಮಾಡಿದೆ?" ಎಂದು ಕೇಳುವುದರ ಬದಲು "ಯಾರ‍್ಯಾರಿಗೆ ಕೊಡಬೇಕಾಗಿದೆ, ಬರೆದುಕೊಡು" ಎಂದರೆ ಉತ್ತರ ಬರುತ್ತದೆ. ಮೊದಲ ಸಲ ಹೇಳುವ ಮೊತ್ತವನ್ನು ಮಾತ್ರ ಪೂರ್ತಿ ಎಂದು ನಂಬಬಾರದು. ನಮ್ಮ ಹುಡುಗ ಅರವತ್ತು ಸಾವಿರ ಎಂದು ಶುರುಮಾಡಿದ, ಮೂರನೆಯ ದಿನಕ್ಕೆ ಅದು ಎರಡು ಲಕ್ಷ ದಾಟಿತ್ತು, ಅವನ ಹೆಸರಿನ ಸಾಲಗಳ ದಾಖಲೆಯಾದ ಸಿಬಿಲ್ ವರದಿ ತೆಗೆಸಿದಾಗ ಅವನೇ ಮರೆತಿದ್ದ ಎರಡು ಆ್ಯಪ್ ಸಾಲಗಳು ಹೊರಬಂದವು. ಈ ವರದಿಯನ್ನು ಪ್ರತಿ ಸಾಲ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು, ಆದ್ದರಿಂದ ಅದನ್ನು ಮೊದಲ ವಾರದಲ್ಲೇ ತೆಗೆಸುವುದು ಒಳ್ಳೆಯದು. ಮಾತಿನ ನಡುವೆ "ನಾನು ಇರಲೇಬಾರದಿತ್ತು" ಎಂಬಂಥ ಮಾತು ಬಂದರೆ ಲೆಕ್ಕವನ್ನು ಅಲ್ಲಿಗೇ ಬಿಟ್ಟು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂದು ಅವನನ್ನು ಒಂಟಿಯಾಗಿ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಅದು ಹಗಲು ರಾತ್ರಿ ಉಚಿತವಾಗಿ ಸಿಗುವ ಸೇವೆ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಸಾಲದ ವಿಷಯ. "ಅಮ್ಮಾ, ಇದೊಂದೇ ಸಲ ಕಟ್ಟಿಬಿಡು, ಇನ್ನು ಮುಟ್ಟುವುದಿಲ್ಲ" ಎಂಬ ಮಾತಿಗೆ ಕರಗಿ ತಾಯಿ ಬಳೆ ಬಿಚ್ಚಿಕೊಡುವುದು ಬಹುತೇಕ ಮನೆಗಳಲ್ಲಿ ನಡೆಯುವ ಮೊದಲ ತಪ್ಪು. ಒಂದೇ ಏಟಿಗೆ ಸಾಲ ತೀರಿದರೆ ಚಟಕ್ಕೆ ಅದೂ ಒಂದು ಗೆಲುವಿನಂತೆಯೇ ಕಾಣುತ್ತದೆ, ಖಾತೆ ಮತ್ತೆ ಖಾಲಿ ಹಲಗೆಯಾಗುತ್ತದೆ. ಕಟ್ಟಲೇಬೇಕಾದದ್ದನ್ನು ಮನೆಯವರು ನೇರವಾಗಿ ಸಾಲ ಕೊಟ್ಟವರಿಗೇ ಕಂತಿನಲ್ಲಿ ಕಟ್ಟಬೇಕು, ಅವನ ಕೈಗೆ ಕೊಡಬಾರದು. ಎಲ್ಲ ಸಾಲಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ತಿಳಿದಿರಬೇಕು. ಬಾಜಿಯ ಒಪ್ಪಂದಗಳು 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಅನೂರ್ಜಿತ, ಬಾಜಿಯಲ್ಲಿ ಗೆದ್ದದ್ದೆಂದು ಯಾರೂ ನ್ಯಾಯಾಲಯದಲ್ಲಿ ವಸೂಲಿ ದಾವೆ ಹೂಡಲಾರರು. ಹೀಗಾಗಿ ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿ "ಕೋರ್ಟಿಗೆ ಎಳೆಯುತ್ತೇನೆ" ಎಂದರೆ ಅದು ಬರೀ ಬೆದರಿಕೆ, "ಮನೆಗೆ ಬರುತ್ತೇನೆ" ಎಂದರೆ ಅದು ಪೊಲೀಸ್ ಠಾಣೆಗೆ ಹೇಳಬೇಕಾದ ಸಂಗತಿ. ಮೀಟರ್ ಬಡ್ಡಿಯವರ ವಿರುದ್ಧ ಕರ್ನಾಟಕದಲ್ಲಿ 2004ರಿಂದಲೇ ವಿಪರೀತ ಬಡ್ಡಿ ನಿಷೇಧ ಕಾಯ್ದೆಯಿದೆ, ಸಣ್ಣ ಸಾಲದ ವಸೂಲಿಯಲ್ಲಿ ಬಲವಂತ ಮಾಡುವುದರ ವಿರುದ್ಧ 2025ರಲ್ಲಿ ಇನ್ನೊಂದು ಕಾನೂನು ಬಂದಿದೆ. ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ವಕೀಲರಿಗೆ ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ಬ್ಯಾಂಕಿನವನಾಗಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಸಾಲ ತೀರಿಸಲಾಗದ ಹುಡುಗರಿಗೆ ಬುಕ್ಕಿಗಳು "ನಿನ್ನ ಅಕೌಂಟ್ ಸ್ವಲ್ಪ ದಿನ ಕೊಡು, ಕಮಿಷನ್ ಕೊಡುತ್ತೇವೆ" ಎನ್ನುತ್ತಾರೆ. ಆ ಚಪ್ಪಲಿ ಅಂಗಡಿಯ ಹೆಸರಿನಂಥ ಖಾತೆಗಳು ಹುಟ್ಟುವುದು ಹಾಗೆಯೇ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಬೇರೆಯವರ ಕೈಗೆ ಕೊಟ್ಟವನು ಸೋತವನಾಗಿ ಉಳಿಯುವುದಿಲ್ಲ, ಆರೋಪಿಯಾಗುತ್ತಾನೆ. ಹಾಗೆ ಕೊಟ್ಟಾಗಿದ್ದರೆ ಅದೇ ದಿನ ಶಾಖೆಗೆ ಹೋಗಿ ಲಿಖಿತವಾಗಿ ತಿಳಿಸಿ ಖಾತೆಯನ್ನು ನಿಲ್ಲಿಸಬೇಕು, ಹಾಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಬೇಕು.

ದುಡ್ಡಿನ ದಾರಿಯನ್ನು ಮುಚ್ಚುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಆದರೆ ಅವನ ಒಪ್ಪಿಗೆಯಿಂದ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕು. ಸಂಬಳದ ಖಾತೆಯಿಂದ ಯುಪಿಐ ತೆಗೆಸಿ, ದಿನದ ಖರ್ಚಿಗೆ ಬೇರೊಂದು ಖಾತೆ ಇಟ್ಟು, ಅದಕ್ಕೆ ವಾರಕ್ಕೊಮ್ಮೆ ಸಣ್ಣ ಮೊತ್ತ ಹಾಕುವುದು ಉತ್ತಮ. ಕ್ರೆಡಿಟ್ ಕಾರ್ಡನ್ನು ರದ್ದು ಮಾಡಿಸಬೇಕು, ಖಾತೆಯಿಂದ ದುಡ್ಡು ತಾನಾಗಿ ಕಡಿತವಾಗುವ ಆಟೋಪೇ ಅನುಮತಿಗಳನ್ನು ಒಂದೊಂದಾಗಿ ತೆರೆದು ನೋಡಿ ಗೊತ್ತಿಲ್ಲದ್ದನ್ನು ತೆಗೆಯಬೇಕು. ಬೆಟ್ಟಿಂಗ್ ಸೈಟಿನ ಐಡಿ ಕೊಟ್ಟವನ ನಂಬರನ್ನು ವಾಟ್ಸ್ಆ್ಯಪಿನಲ್ಲಿ ಬ್ಲಾಕ್ ಮಾಡಿ, ಟಿಪ್ಸ್ ಕೊಡುವ ಟೆಲಿಗ್ರಾಂ ಗುಂಪುಗಳಿಂದ ಹೊರಬರಬೇಕು. ಬೆಟ್‌ಬ್ಲಾಕರ್ ಎಂಬ ಉಚಿತ ಆ್ಯಪ್ ಜೂಜಿನ ಸೈಟುಗಳನ್ನು ನಾವು ಹೇಳಿದ ಅವಧಿಯವರೆಗೆ ತಡೆಯುತ್ತದೆ. ಗೂಗಲ್ ಖಾತೆಯ ಜಾಹೀರಾತು ಸೆಟ್ಟಿಂಗಿನಲ್ಲಿ ಜೂಜಿನ ಜಾಹೀರಾತುಗಳನ್ನು ಕಡಿಮೆ ಮಾಡುವ ಆಯ್ಕೆ ಇದೆ. ಇವು ಯಾವುವೂ ಅಭೇದ್ಯ ಕೋಟೆಗಳಲ್ಲ. ಆಸೆ ಎದ್ದ ಆ ಹತ್ತು ಹದಿನೈದು ನಿಮಿಷ ದಾಟಿಸಿದರೆ ಇವುಗಳ ಕೆಲಸ ಮುಗಿಯಿತು.

ಚಿಕಿತ್ಸೆ ಎಂದರೆ ಮುಖ್ಯವಾಗಿ ಆಪ್ತ ಸಮಾಲೋಚನೆ. ಸೋತದ್ದನ್ನು ಆಟದಲ್ಲೇ ಮರಳಿ ಪಡೆಯಬಹುದು ಎಂಬ ನಂಬಿಕೆಯನ್ನು ಬಿಡಿಸುವ ಅರಿವಿನ ವರ್ತನಾ ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಎಂಬ ವಿಭಾಗವಿದ್ದು, ಫೋನು ಮತ್ತು ಆನ್‌ಲೈನ್ ಆಟಗಳ ಹಿಡಿತಕ್ಕೆ ಸಿಕ್ಕವರನ್ನು ನೋಡುತ್ತದೆ. ಬೆಂಗಳೂರಿಗೆ ಬರಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಶುರುಮಾಡಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಕುಡಿತ ಬಿಟ್ಟವನು ಬಾರಿನ ರಸ್ತೆಯನ್ನು ತಪ್ಪಿಸಿ ನಡೆಯಬಹುದು. ಬೆಟ್ಟಿಂಗ್ ಬಿಟ್ಟವನು ಕ್ರಿಕೆಟನ್ನು ಹೇಗೆ ತಪ್ಪಿಸಬೇಕು? ನಾನು ಇದನ್ನು ಹುಡುಗರ ತಪ್ಪು ಎಂದು ಮಾತ್ರ ನೋಡಲು ಒಪ್ಪುವುದಿಲ್ಲ. ದುಡ್ಡು ಕಟ್ಟಿ ತಂಡ ಆರಿಸುವ ಡ್ರೀಮ್11 ಎಂಬ ಕಂಪನಿ 2020ರ ಐಪಿಎಲ್‌ಗೆ 222 ಕೋಟಿ ರೂಪಾಯಿ ಕೊಟ್ಟು ತನ್ನ ಹೆಸರಿಟ್ಟಿತು; 2023ರಲ್ಲಿ ಮೂರು ವರ್ಷಕ್ಕೆ 358 ಕೋಟಿಗೆ ಭಾರತ ತಂಡದ ಅಂಗಿಯ ಎದೆಯ ಮೇಲೇ ಕೂತಿತು. ಅದು ಜೂಜಲ್ಲ, ಕೌಶಲದ ಆಟ ಎಂಬುದು ಕಂಪನಿಗಳ ವಾದವಾಗಿತ್ತು, ನ್ಯಾಯಾಲಯಗಳಲ್ಲಿ ಅದು ನಿಂತದ್ದೂ ಉಂಟು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರ ಅಕ್ಟೋಬರಿನಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿದಾಗ, ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು, ಹಣ ಕಟ್ಟುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಆದ್ದರಿಂದ ಸಹಾಯ ಕೇಳಲು ಹೆದರಬೇಕಾಗಿಲ್ಲ. ಆ ಕಾಯ್ದೆ ಬಂದ ಮರುತಿಂಗಳು ಏಷ್ಯಾ ಕಪ್ಪಿನಲ್ಲಿ ನಮ್ಮ ತಂಡ ಎದೆಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲದೆ ಆಡಿ ಗೆದ್ದಿತು, ನನ್ನ ಮಟ್ಟಿಗೆ ಆ ಅಂಗಿ ನೋಡಲು ಚೆನ್ನಾಗಿಯೇ ಇತ್ತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಕ್ಲಬ್ಬುಗಳು ಅಂಗಿಯ ಮುಂಭಾಗದಿಂದ ಜೂಜಿನ ಕಂಪನಿಗಳನ್ನು ತೆಗೆಯಲು 2023ರಲ್ಲಿ ಒಪ್ಪಿದವಾದರೂ, ಅದಕ್ಕೆ 2025–26ರ ಋತು ಮುಗಿಯುವವರೆಗೆ ಸಮಯ ತೆಗೆದುಕೊಂಡವು, ತೋಳಿನ ಜಾಗವನ್ನು ಹಾಗೆಯೇ ಬಿಟ್ಟುಕೊಂಡವು.

ವಿದೇಶದಿಂದ ನಡೆಯುವ ಬೆಟ್ಟಿಂಗ್ ಸೈಟುಗಳು ಮಾತ್ರ ಇನ್ನೊಂದು ವೇಷದಲ್ಲಿ ಬರುತ್ತವೆ. ಬೆಟ್ಟಿಂಗ್ ಕಂಪನಿಯ ಹೆಸರಿಗೆ ಒಂದಕ್ಷರ ಬದಲಿಸಿಯೋ, ಕೊನೆಗೆ ನ್ಯೂಸ್, ಸ್ಪೋರ್ಟ್ಸ್ ಎಂಬ ಪದ ಅಂಟಿಸಿಯೋ, ಅದೇ ಬಣ್ಣ, ಅದೇ ಲೋಗೋ ಇಟ್ಟು ಸುದ್ದಿ ಸೈಟಿನ ಅಥವಾ ಟೀ ಶರ್ಟಿನ ಜಾಹೀರಾತು ಎಂಬಂತೆ ತೋರಿಸುವ ಈ ಬಾಡಿಗೆ ಮುಖದ ಜಾಹೀರಾತುಗಳ ಬಗ್ಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರಲ್ಲೇ ಎರಡು ಬಾರಿ ಎಚ್ಚರಿಸಿತ್ತು. ಕಂಡಾಗ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ, ವೇಳೆ, ಚಾನೆಲ್ ಅಥವಾ ಪೇಜಿನ ಹೆಸರು ಬರೆದುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಇದನ್ನು ಗುರುತಿಸಲು ಕಲಿಸಬೇಕು: "ಈ ಪೇಪರ್ ನಮ್ಮೂರಲ್ಲಿ ಯಾರ ಮನೆಗಾದರೂ ಬರುತ್ತದೆಯೇ?" ಎಂದು ಕೇಳಿದರೆ ಹತ್ತು ವರ್ಷದ ಮಗುವಿಗೂ ಹುಳುಕು ಗೊತ್ತಾಗುತ್ತದೆ.

ಮೊದಲ ಋತುವಿನಲ್ಲಿ ಪಂದ್ಯವನ್ನು ನೇರಪ್ರಸಾರದಲ್ಲಿ ನೋಡದಿರುವುದೇ ಕ್ಷೇಮ. ಫಲಿತಾಂಶ ಗೊತ್ತಾದ ಮೇಲೆ ಮುಖ್ಯಾಂಶ ನೋಡಿದರೆ ಬಾಜಿಗೆ ಜಾಗವಿರುವುದಿಲ್ಲ. ನೋಡಲೇಬೇಕೆಂದಿದ್ದರೆ ಒಬ್ಬನೇ ಕೋಣೆಯಲ್ಲಿ ನೋಡದೆ, ಫೋನ್ ಬೇರೆಡೆ ಇಟ್ಟು, ಮನೆಯವರ ಜೊತೆ ನೋಡಲಿ. ಅವನು ಆಡುವವನಾಗಿದ್ದರೆ ಭಾನುವಾರ ಮೈದಾನಕ್ಕೆ ಹೋಗಲಿ, ಸ್ವತಃ ಬ್ಯಾಟ್ ಹಿಡಿಯುವುದಕ್ಕೆ ಅಡ್ಡಿಯಿಲ್ಲ. ಆದರೆ ಸ್ಥಳೀಯ ಟೂರ್ನಮೆಂಟುಗಳ ಸುತ್ತಲೂ ಬೆಟ್ಟಿಂಗ್ ಇರುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ರಾಜ್ಯದ್ದೇ ಆದ ಕರ್ನಾಟಕ ಪ್ರೀಮಿಯರ್ ಲೀಗ್ 2019ರ ಬೆಟ್ಟಿಂಗ್ ಪ್ರಕರಣದ ನಂತರ ನಿಂತೇ ಹೋಯಿತು, ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ರಾಜ್ಯದ ಟಿ20 ಮರಳಿದ್ದು 2022ರಲ್ಲಿ.

ನಡುವೆ ಒಮ್ಮೆ ಜಾರುವುದೂ ಉಂಟು. ನಮ್ಮ ಹುಡುಗ ಐದನೆಯ ತಿಂಗಳಿನಲ್ಲಿ ಗೆಳೆಯನ ಫೋನಿನಿಂದ 2,000 ರೂಪಾಯಿ ಆಡಿ, ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ತಾನೇ ಬಂದು ತಾಯಿಗೆ ಹೇಳಿದ. ಅವರು ಬೈಯಲಿಲ್ಲ, ನೋಟ್‌ಬುಕ್ ತೆಗೆದು ಆ ದಿನಾಂಕದ ಮುಂದೆ 2,000 ಎಂದು ಬರೆದು, ಸಮಾಲೋಚಕರಿಗೆ ಫೋನ್ ಮಾಡಿ ಆ ವಾರದ ಭೇಟಿಯನ್ನು ಎರಡು ದಿನ ಮುಂಚೆಯೇ ಇಟ್ಟುಕೊಂಡರು. ಆ ನೋಟ್‌ಬುಕ್ಕನ್ನು ಪ್ರತಿ ತಿಂಗಳ ಮೊದಲ ಭಾನುವಾರ ತಾಯಿ ಮಗ ಇಬ್ಬರೂ ಕೂತು ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆ ನೋಡುತ್ತಾರೆ. ಕಡೇಪಕ್ಷ ಒಂದು ಐಪಿಎಲ್ ಪೂರ್ತಿ ದಾಟುವವರೆಗಾದರೂ ಆ ಭಾನುವಾರವನ್ನು ತಪ್ಪಿಸಬಾರದು.