ಏಳನೇ ಕ್ಲಾಸಿನ ಮಕ್ಕಳೇ ಸಭೆ ನಡೆಸಿದಾಗ: ಪೋಷಕರನ್ನು ತಯಾರು ಮಾಡಿದ ನನ್ನ ಅನುಭವ

ಪೋಷಕರು ಶಾಲೆಗೆ ಬಂದು ಮಕ್ಕಳ ಕಲಿಕೆ ನೋಡುವ 'ಸಮುದಾಯದತ್ತ ಶಾಲೆ' ದಿನ ಏನಾಗುತ್ತದೆ ಎಂದು ಸರ್ಕಾರಿ ಶಾಲೆಯ ಶಿಕ್ಷಕರಿಗೆ ಬಿಡಿಸಿ ಹೇಳಬೇಕಿಲ್ಲ. ಅರ್ಧ ವರ್ಷದ ಕೊನೆಗೆ ನಡೆಯುವ ಎಸ್‌ಎ ಪರೀಕ್ಷೆ ಮುಗಿದಿರುತ್ತದೆ. ಪೋಷಕರು ಬರುತ್ತಾರೆ, ಉತ್ತರ ಪತ್ರಿಕೆ ತಿರುವಿ ನೋಡುತ್ತಾರೆ, ಸಹಿ ಹಾಕುತ್ತಾರೆ. ನಾವು "ಇನ್ನೂ ಸ್ವಲ್ಪ ಓದಬೇಕು" ಅನ್ನುತ್ತೇವೆ. ಅವರು "ನೀವೇ ಎರಡು ಬಿಗಿಯಿರಿ ಮಿಸ್" ಅನ್ನುತ್ತಾರೆ. ಯಾರ ಬಗ್ಗೆ ಇಷ್ಟೆಲ್ಲ ಮಾತಾಗುತ್ತಿದೆಯೋ ಆ ಮಗು ಮಾತ್ರ ಪಕ್ಕದಲ್ಲಿ ತುಟಿ ಬಿಚ್ಚದೆ ನಿಂತಿರುತ್ತದೆ.

ಮಗುವಿನ ಹಾಜರಿ, ಕಲಿಕೆ, ಪ್ರಗತಿಯನ್ನು ಪೋಷಕರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೆ ಮಗುವಿನ ಬಾಯಿಂದ ಹೇಳಿಸಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ! ಅಮೆರಿಕದ ಎಷ್ಟೋ ಮಿಡಲ್ ಸ್ಕೂಲುಗಳಲ್ಲಿ ಮಕ್ಕಳೇ ಇಂಥ ಸಭೆ ನಡೆಸುತ್ತಾರೆ. ಬೆಂಗಳೂರಿನ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ) ಶಾಲೆಗಳಲ್ಲೂ ಇದು ಮಾಮೂಲು. ಸ್ಟೂಡೆಂಟ್ ಲೆಡ್ ಕಾನ್ಫರೆನ್ಸ್ ಅಂತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರಗತಿ ಪತ್ರದಲ್ಲಿ ಮಗು ತನ್ನನ್ನು ತಾನೇ ಅಳೆದುಕೊಂಡದ್ದು ಇರಬೇಕು ಎನ್ನುತ್ತದೆ. ನಾನು ಇದನ್ನು ತುಮಕೂರು ಜಿಲ್ಲೆಯ ನಮ್ಮ ಹಳ್ಳಿ ಶಾಲೆಯ ಏಳನೇ ತರಗತಿಯಲ್ಲಿ ಮಾಡಲು ಹೊರಟೆ.

ಮಕ್ಕಳನ್ನು ತಯಾರು ಮಾಡುವುದು ಅಷ್ಟೇನೂ ಕಷ್ಟವಲ್ಲ. ಮಗು ಮಾಡಿದ ಕೆಲಸಗಳನ್ನು ಸೇರಿಸಿಟ್ಟ ಕೃತಿ ಸಂಪುಟ ಹೇಗೂ ಇರುತ್ತದೆ. ಅದರಿಂದ ಮೂರು ಆರಿಸಿಕೊಳ್ಳಿ ಎಂದೆ: ನಿಮಗೆ ಖುಷಿ ಕೊಟ್ಟದ್ದು ಒಂದು, ತಲೆಗೆ ಹತ್ತದೇ ಇದ್ದದ್ದು ಒಂದು, ಮೊದಲು ಬಾರದೆ ಈಗ ಬರುತ್ತಿರುವುದು ಒಂದು. ಆಮೇಲೆ ಇಬ್ಬಿಬ್ಬರನ್ನು ಕೂರಿಸಿದೆ. ಒಬ್ಬರು ಮಗು, ಇನ್ನೊಬ್ಬರು ಅಪ್ಪ ಅಥವಾ ಅಮ್ಮ.

ಕ್ಲಾಸಿನಲ್ಲಿ ನಗೆಯೋ ನಗೆ. ಅಮ್ಮನ ಪಾತ್ರದ ಹುಡುಗಿ ಪುಸ್ತಕ ತೆರೆಯುವ ಮೊದಲೇ "ಆ ಪಕ್ಕದ ಮನೆ ಹುಡುಗಿ ನೋಡಿ ಕಲ್ತ್ಕೋ" ಎಂದು ಶುರು ಮಾಡಿದಳು. ಅಪ್ಪನಾದ ಹುಡುಗ ಫೋನ್ ನೋಡುತ್ತಲೇ "ಹ್ಞೂಂ, ಹ್ಞೂಂ" ಎಂದ. ಇನ್ನೊಬ್ಬ "ಪಾಸಾ ಫೇಲಾ, ಅಷ್ಟು ಹೇಳು" ಎಂದು ಎದ್ದೇ ಬಿಟ್ಟ. ನಾಟಕ ಎಂದರೂ ಇದೆಲ್ಲ ಮನೆಯಲ್ಲಿ ಕೇಳಿದ್ದೇ ಅಲ್ವಾ. ತಯಾರಿ ಬೇಕಾಗಿರುವುದು ಮಕ್ಕಳಿಗಿಂತ ಜಾಸ್ತಿ ಮನೆಯವರಿಗೆ ಎನ್ನುವುದು ಅಲ್ಲೇ ಗೊತ್ತಾಯಿತು.

ಇದನ್ನೇ ಎಸ್‌ಡಿಎಂಸಿ (ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯ ದಿನ ಪೋಷಕರ ಮುಂದೆ ಆಡಿ ತೋರಿಸಿದೆವು. ಮಕ್ಕಳ ಕೈಲಿ ಮಾಡಿಸಲಿಲ್ಲ. ಮನೆಗೆ ಹೋದ ಮೇಲೆ ಅವರಿಗೇ ಏಟು ಬೀಳಬಹುದು. ಹಿಂದಿ ಟೀಚರ್ ಅಪ್ಪ ಆದರು, ನಾನು ಎರಡು ಜಡೆ ಹಾಕಿಕೊಂಡು ಮಗಳಾದೆ. ತಾಯಂದಿರು ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಒಬ್ಬರು ಕೇಳಿದರು: "ಸರಿ ಮಿಸ್, ಬಯ್ಯಬಾರದು ಅಂತೀರ. ಹಂಗಾದ್ರೆ ಏನು ಕೇಳ್ಬೇಕು? ನಂಗೆ ಓದೋಕೇ ಬರಲ್ಲ."

ಈ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಕೆಲಸದ ಮುಖ್ಯ ಭಾಗವಾಯಿತು. ಬೇಡ ಅನ್ನುವುದನ್ನೆಲ್ಲ ಹೇಳಿ ಬೇಕಾದ್ದನ್ನು ಹೇಳದಿದ್ದರೆ ಅವರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ, ಅಷ್ಟೇ. ಹಾಗಾಗಿ ನಾಲ್ಕು ಮಾತು ಕೊಟ್ಟೆ. "ಇದೇನು, ನಂಗೆ ಅರ್ಥ ಆಗೋ ಹಂಗೆ ಹೇಳು." "ಇದನ್ನ ಹೆಂಗೆ ಮಾಡ್ದೆ?" "ಎಲ್ಲಿ ಕಷ್ಟ ಆಯ್ತು?" "ಮನೇಲಿ ನಾನೇನು ಮಾಡ್ಲಿ?" ಚೀಟಿ ಬರೆದು ಕಳಿಸಿದರೆ ಓದುವವರು ಕಡಿಮೆ. ಆದ್ದರಿಂದ ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದೆ. ಪುಟ್ಟದು. ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು ಬಸ್ಸಿನಲ್ಲೇ ಕೇಳಿಸಿಕೊಂಡರು.

ಇನ್ನೊಂದು ಗೊಂದಲ ಗ್ರೇಡಿನದು. 'ಬಿ ಪ್ಲಸ್' ಅಂದರೆ 50ರಿಂದ 69ರವರೆಗೆ, 'ಎ' ಅಂದರೆ 70ರಿಂದ 89. ಇದು ಬಹಳ ಪೋಷಕರಿಗೆ ಗೊತ್ತೇ ಇರಲಿಲ್ಲ. ಬಿ ಪ್ಲಸ್ ಅಂದರೆ ಫೇಲಾದ ಹಾಗೆ ಎಂದುಕೊಂಡ ಒಬ್ಬ ತಂದೆ ಮಗನ ಸೈಕಲ್ಲಿಗೆ ಬೀಗ ಹಾಕಿದ್ದರಂತೆ. ಅದನ್ನು ಮೊದಲೇ ವಿವರಿಸಿಬಿಟ್ಟೆ. ಸಭೆಯ ದಿನ ಅಂಕಪಟ್ಟಿ ಕೊನೆಗೇ ತೆಗೆಯಬೇಕು ಎಂದು ಮಕ್ಕಳಿಗೂ ಹೇಳಿಕೊಟ್ಟೆ. ಅದು ಮೊದಲು ಕೈಗೆ ಸಿಕ್ಕರೆ ಆಮೇಲೆ ಬೇರೆ ಯಾವುದರ ಕಡೆಗೂ ಕಣ್ಣು ಹೋಗುವುದಿಲ್ಲ.

ಸಭೆಯನ್ನು ಎರಡು ಸಂಜೆ ಮತ್ತು ಒಂದು ಶನಿವಾರಕ್ಕೆ ಹಂಚಿದೆವು. ಕೂಲಿ ಬಿಟ್ಟು ಬನ್ನಿ ಎನ್ನುವುದು ಸರಿಯಲ್ಲ. ಒಂದು ಕೋಣೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಚಾಪೆ, ಒಂದು ಮನೆಗೆ ಇಪ್ಪತ್ತು ನಿಮಿಷ. ಅಪ್ಪ ಅಮ್ಮನೇ ಬರಬೇಕೆಂದಿಲ್ಲ, ಅಜ್ಜಿ, ಚಿಕ್ಕಪ್ಪ, ಅಕ್ಕ ಯಾರಾದರೂ ಸರಿ. ಲಾರಿ ಓಡಿಸುವ ಒಬ್ಬ ತಂದೆ ಹುಬ್ಬಳ್ಳಿ ಹತ್ತಿರ ಲಾರಿ ನಿಲ್ಲಿಸಿ ವಿಡಿಯೋ ಕಾಲ್‌ನಲ್ಲಿ ಸೇರಿಕೊಂಡರು. ಯಾರೂ ಬಾರದ ಮಕ್ಕಳ ಮುಂದೆ ನಮ್ಮ ಬಿಸಿಯೂಟದ ಅಡುಗೆಯಮ್ಮ ಕೂತರು. ದಿನಾ ಊಟ ಬಡಿಸುವ ಕೈ, ಮಕ್ಕಳಿಗೆ ಅವರ ಮುಂದೆ ಹೆದರಿಕೆ ಇಲ್ಲ.

ಓದು ಬಾರದ ತಾಯಂದಿರು ಏನು ಮಾಡುತ್ತಾರೋ ಎಂಬ ಚಿಂತೆ ನನಗಿತ್ತು. ಆದದ್ದೇ ಬೇರೆ. ಓದಿದವರು ಪುಸ್ತಕ ಕಿತ್ತುಕೊಂಡು ಕೆಂಪು ಗುರುತು ಹುಡುಕುತ್ತಿದ್ದರು. ಓದು ಬಾರದವರು ಮಗು ಹೇಳಿದರೆ ಮಾತ್ರ ತಿಳಿಯುವುದರಿಂದ ನಿಜವಾಗಿಯೂ ಕೇಳುತ್ತಿದ್ದರು. ಒಬ್ಬ ಹುಡುಗ ತನಗೆ ಹತ್ತದ ಲೆಕ್ಕ ತೋರಿಸಿದ: 3/4 ಮತ್ತು 1/2 ಕೂಡಿಸಬೇಕು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 4/6 ಎಂದು ಬರೆದಿದ್ದ.

"ಇದೇನೋ?"

"ಮುಕ್ಕಾಲಿಗೆ ಅರ್ಧ ಸೇರಿಸೋದಮ್ಮ."

"ಎಷ್ಟು ಬಂತು?"

"ಆರು ಭಾಗದಲ್ಲಿ ನಾಲ್ಕು."

ಆಕೆ ಸ್ವಲ್ಪ ಯೋಚಿಸಿದರು. "ಆರರಲ್ಲಿ ನಾಲ್ಕು ಅಂದ್ರೆ ಒಂದು ತುಂಬ್ಲೇ ಇಲ್ವಲ್ಲೋ. ಮುಕ್ಕಾಲು ಸೇರು ರಾಗಿಗೆ ಅರ್ಧ ಸೇರು ಹಾಕಿದ್ರೆ ಒಂದೂಕಾಲು ಸೇರು ಆಗಲ್ವಾ?"

ಹುಡುಗ ಪುಸ್ತಕ ನೋಡಿದ, ಅಮ್ಮನನ್ನು ನೋಡಿದ, ಅಲ್ಲೇ ಕೂತು ಅರ್ಧವನ್ನು ಎರಡು ಕಾಲು ಮಾಡಿ 5/4 ಬರೆದ. ನಾನು ಬೋರ್ಡಿನ ಮೇಲೆ ಎಷ್ಟು ಸಲ ಛೇದ ಸಮ ಮಾಡಿ ತೋರಿಸಿದ್ದೆನೋ! ಆಕೆ ಮಾತ್ರ "ನಾನೇನು ಹೇಳ್ಕೊಟ್ಟೆ ಮಿಸ್, ಸುಮ್ನೆ ಕೇಳ್ದೆ ಅಷ್ಟೇ" ಎಂದರು. ಸೇರು ಪಾವಿನ ಲೆಕ್ಕ ನಮ್ಮ ಮನೆಗಳಲ್ಲಿ ಇಷ್ಟು ಗಟ್ಟಿಯಾಗಿರುವಾಗ ಭಿನ್ನರಾಶಿ ಪಾಠವನ್ನು ಕೇಕು ಪಿಜ್ಜಾ ಚಿತ್ರದಿಂದ ಯಾಕೆ ಶುರು ಮಾಡುತ್ತೇವೋ. ಇರಲಿ, ಅದು ಬೇರೆ ಮಾತು.

ಎಲ್ಲ ಚಾಪೆಯಲ್ಲೂ ಹೀಗೇ ಆಯಿತು ಎಂದುಕೊಳ್ಳಬೇಡಿ. ಎಷ್ಟೋ ಜನ ಎರಡನೇ ನಿಮಿಷಕ್ಕೇ ನನ್ನ ಕಡೆ ತಿರುಗಿ "ಇವನೇನು ಹೇಳ್ತಾನೆ, ನೀವೇ ಹೇಳಿ ಮಿಸ್" ಅಂದರು. ಅದಕ್ಕೆ ನಾನು ಕುರ್ಚಿಯನ್ನೇ ಕೋಣೆಯಿಂದ ಹೊರಗಿಟ್ಟು ಓಡಾಡುತ್ತಿದ್ದೆ. ಯಾರಾದರೂ ಕರೆದರೆ ಮಗುವಿಗೇ ಒಂದು ಪ್ರಶ್ನೆ ಕೊಟ್ಟು ಮುಂದೆ ಹೋಗುತ್ತಿದ್ದೆ. ಮಗು ತಡವರಿಸಿ ನಿಂತಾಗ ತಾವೇ ಉತ್ತರ ತುಂಬಿಸುವವರಿಗೆ ಕಿವಿಯಲ್ಲಿ ಹೇಳಿದೆ: ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೂ ಬಾರದಿದ್ದರೆ "ಬೇರೆ ತೋರ್ಸು" ಅನ್ನಿ. ಹತ್ತು ಎಣಿಸುವುದು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಶಿಕ್ಷಕರ ಹತ್ತಿರ ಗುಟ್ಟಾಗಿ ಕೇಳಬೇಕಾದ್ದೂ ಪೋಷಕರಿಗೆ ಇರುತ್ತದೆ. ಮಗನ ಸಹವಾಸ, ಮೊಬೈಲು, ಮಗಳು ಊಟ ಬಿಟ್ಟಿರುವುದು. ಅದನ್ನೆಲ್ಲ ಮಗುವಿನ ಮುಂದೆ ಕೇಳಿ ಎನ್ನಲಾಗದು. ಬೇಕಾದವರಿಗೆ ಬೇರೆ ಸಮಯ ಕೊಡುತ್ತೇನೆ ಎಂದು ಮೊದಲೇ ತಿಳಿಸಿದ್ದರಿಂದ ಅವರು ಚಾಪೆಯ ಮೇಲೆ ಆ ಮಾತು ಎತ್ತಲಿಲ್ಲ. ಮನೆಯಲ್ಲಿ ಹೊಡೆತ ಜಾಸ್ತಿ ಎಂದು ಗೊತ್ತಿದ್ದ ಮಕ್ಕಳ ವಿಷಯ ಬೇರೆ. ಆ ಮನೆಯವರ ಜೊತೆ ವಾರ ಮುಂಚೆಯೇ ಮಾತಾಡಿದ್ದೆ. ಆ ಚಾಪೆಗಳ ಹತ್ತಿರದಿಂದ ದೂರ ಹೋಗಲಿಲ್ಲ. ಇದನ್ನು ಮಾಡಲು ಆಗದಿದ್ದರೆ ಅಂಥ ಮಗುವನ್ನು ಈ ಸಭೆಗೆ ಕೂರಿಸುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ಕೊನೆಗೆ ಇಬ್ಬರೂ ಒಂದೊಂದು ಮಾತು ಕೊಡಬೇಕಿತ್ತು. ಮಗುವಿನದನ್ನೂ ದೊಡ್ಡವರದನ್ನೂ ಮಗುವೇ ಬರೆಯುವುದು. "ದಿನಾ ಒಂದು ಪುಟ ಇಂಗ್ಲಿಷ್ ಜೋರಾಗಿ ಓದ್ತೀನಿ" ಎಂಬುದರ ಕೆಳಗೆ "ಓದುವಾಗ ಟಿವಿ ಸೌಂಡ್ ಕಡಿಮೆ ಮಾಡ್ತೀನಿ". ಒಬ್ಬ ತಾಯಿ "ಸಂಜೆ ನೀರು ತರೋದು ನಂದು, ನೀನು ಓದ್ಕೋ" ಎಂದು ಬರೆಸಿದರು. ಆ ಹಾಳೆ ಕೃತಿ ಸಂಪುಟದ ಮೊದಲ ಪುಟವಾಯಿತು.

ಒಂದು ತಿಂಗಳ ನಂತರ ಕ್ಲಾಸಿನಲ್ಲಿ ಕೇಳಿದೆ. ಮಕ್ಕಳು ತಮ್ಮ ಮಾತು ಅರ್ಧಂಬರ್ಧ ಉಳಿಸಿಕೊಂಡಿದ್ದರು. ಟಿವಿ ಸೌಂಡು ಎಷ್ಟೋ ಮನೆಯಲ್ಲಿ ಮೊದಲಿನಷ್ಟೇ ಇತ್ತು. ಆದರೆ ಅದನ್ನು ಹೇಳುವಾಗ ಮಕ್ಕಳಿಗೆ ಕೈಲಿ ಹಾಳೆ ಇತ್ತು. "ನಮ್ಮಪ್ಪಂಗೆ ಬಿ ಕೊಡಿ ಮಿಸ್" ಎಂದ ಒಬ್ಬ. ಮುಂದಿನ ಎಸ್‌ಎ ಮುಗಿದ ಮೇಲೆ ಸಭೆಯನ್ನು ಈ ಹಾಳೆಯಿಂದಲೇ ಶುರು ಮಾಡುವುದೆಂದು ಕ್ಲಾಸಿನವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಪೋಷಕರಿಗೆ ವಾಯ್ಸ್ ಮೆಸೇಜ್ ಹೋಗಿಯಾಗಿದೆ.